ತಾಮ್ರದ ಹಿಂಬದಿ

ಫಿಲಡೆಲ್ಫಿಯಾ, ಸಾವಿರದ ಎಂಟುನೂರ ಹನ್ನೆರಡರ ಚಳಿಗಾಲ

ನಮ್ಮ ಕಸುಬಿನಲ್ಲಿ ಪಡುವಣ ಬಲಗಡೆಗಿರುತ್ತದೆ.
ನದಿಗಳು ಹಿಂದುಮುಂದಾಗಿ ಹರಿಯುತ್ತವೆ,
ಅಕ್ಷರಗಳು ಬೆನ್ನು ತಿರುಗಿಸಿ ಕೂರುತ್ತವೆ.
ಕಾಗದ ಒತ್ತಿದಾಗಲೇ ಲೋಕ ನೆಟ್ಟಗಾಗುವುದು.
ಹದಿನಾರು ವರ್ಷ ಕನ್ನಡಿ ಮುಂದಿಟ್ಟುಕೊಂಡು ಕೆತ್ತಿದ್ದೇನೆ,
ಮುಖ ನೋಡಿಕೊಂಡದ್ದು ಕಡಿಮೆ.

ಮೀನುಪೇಟೆಯ ಹಿಂದಿನ ಗಲ್ಲಿ,
ಚಿಕ್ಕಪ್ಪ ಓಬೆಡ್ ಪ್ರಿಂಗಲ್‌ನ ಅಂಗಡಿ.
ಫಲಕದ ಮೇಲೆ ಅವನ ಹೆಸರು; ಥರ್ಜಾ ಎಂಬ ನನ್ನದು
ಬಿಲ್ಲಿನಲ್ಲೂ ಇಲ್ಲ.
ಅವನ ಕೈ ನಡುಗತೊಡಗಿ ಏಳು ವರ್ಷ.
ಊರಿಗೆ ಗೊತ್ತು, ಯಾರೂ ಆಡುವುದಿಲ್ಲ.

ಪ್ರಕಾಶಕರು ಮೇಜಿನ ಮೇಲೆ ಹರವಿದರು ನಕಾಶೆ:
ದೋಣಿಯಲ್ಲಿ ಹೋಗಿ ಕಾಲ್ನಡೆಯಲ್ಲಿ ಬಂದ
ಯಾವುದೋ ತುಕಡಿಯ ದಳಪತಿ ಬರೆದದ್ದು.
ಮಡಿಕೆಗಳಲ್ಲಿ ಕರಡಿಕೊಬ್ಬಿನ ವಾಸನೆ,
ಮೂಲೆಯಲ್ಲೊಂದು ಸತ್ತ ಸೊಳ್ಳೆ.
ಅದನ್ನೂ ಊರೆಂದು ಕೆತ್ತುವವಳಿದ್ದೆ.

"ಎಕರೆಗೆ ಮೂರು ಸೆಂಟು ಬಿತ್ತಂತೆ" ಎಂದರು,
ಒಲೆಗೆ ಕೈ ಒಡ್ಡಿ.
ಲೆಕ್ಕ ಹಾಕಿದೆ: ಈ ತಗಡಿನ ಬೆಲೆಗೆ
ಮುನ್ನೂರು ಎಕರೆ, ಹುಲ್ಲು ಹಳ್ಳ ಸಮೇತ.
ಕೊಟ್ಟವರು ಸಾಗರದಾಚೆಯವರು,
ಅವರೂ ನೋಡಿರಲಿಲ್ಲವಂತೆ.
ಕಾಣದವರು ಕಾಣದವರಿಗೆ ಮಾರಿದ ನೆಲ.
ಕನ್ನಡಿಯೊಳಗಿನ ಗಂಟನ್ನು ಬಿಚ್ಚಿ
ಎಣಿಸಿ ಕೊಟ್ಟು ರಸೀದಿ ಪಡೆದ ಹಾಗೆ.

ಬೆಟ್ಟ ಸುಲಭ. ಕಂಬಳಿಹುಳದ ರೋಮದಂತೆ
ಸಣ್ಣಸಣ್ಣ ಗೀರು ಹಾಕುತ್ತ ಹೋದರೆ
ಸಾಲು ತಾನೇ ತೆವಳತೊಡಗುತ್ತದೆ.
ಕಷ್ಟವಿರುವುದು ಬಯಲಿನಲ್ಲಿ.
ಏನೂ ಇಲ್ಲವೆಂದು ತೋರಿಸಲು
ಇದ್ದಿಲು, ಎಣ್ಣೆ, ಅರ್ಧ ದಿನದ ತಿಕ್ಕಾಟ.
ಕೂದಲೆಳೆಯಷ್ಟು ಗೀರು ಉಳಿದರೂ ಮಸಿ ಕುಡಿಯುತ್ತದೆ,
ಅಲ್ಲಿ ಯಾರೋ ಇದ್ದಾರೆ ಎನ್ನುವಂತೆ.

ಇದ್ದರು.
ನದಿಯೊಂದು ಮೊಣಕೈ ಮಡಿಸುವಲ್ಲಿ
ಹದಿನಾಲ್ಕು ಅಕ್ಷರದ ಒಂದು ಹೆಸರು,
ಕೇಳಿದವನು ಕೇಳಿಸಿದಷ್ಟನ್ನು ಬರೆದುಕೊಂಡದ್ದು.
ಪಕ್ಕದಲ್ಲಿ ಸಣ್ಣಗೆ:
'ಇನ್ನೂರು ಗುಡಾರ. ಮುಸುಕಿನ ಜೋಳ ಕೊಟ್ಟರು.'
ಕೆತ್ತಿದೆ ಒಂದೊಂದೇ ಅಕ್ಷರ, ತಿರುಗುಮುರುಗು.
ಹೇಗೆ ಹೇಳುವುದೋ, ಕೊನೆಯಿಂದ ಮೊದಲಿಗೆ
ಜೋರಾಗಿ ಓದಿದೆ.
ಬೆಕ್ಕು ಎದ್ದು ಹೋಯಿತು.

ಕರಡಿನ ಮೇಲೆ ಪ್ರಕಾಶಕರು ಗೆರೆ ಎಳೆದರು.
ತೀರಾ ಉದ್ದ. ನಾಲಿಗೆ ಹೊರಳುವುದಿಲ್ಲ.
ದಳಪತಿಗೆ ಬೇಕಾದ ಹುಡುಗಿಯೊಬ್ಬಳಿದ್ದಾಳೆ,
ಅವಳ ಹೆಸರು ಬರಲಿ; ಹೆಣ್ಣಿನ ಹೆಸರಿದ್ದರೆ
ನಾಲ್ಕು ಪ್ರತಿ ಹೆಚ್ಚು ಖರ್ಚಾದೀತು.
ಜೋಳದ ಮಾತು ಬೇಡ.

ತಾಮ್ರದಲ್ಲಿ ಬರೆದದ್ದು ಸೂರ್ಯಚಂದ್ರರಿರುವ ತನಕವೆ?
ಸುಳ್ಳು. ಎರಡು ಸಾವಿರ ಪ್ರತಿಗೆ ಗೆರೆ ಸವೆಯುತ್ತದೆ.
ಅಳಿಸುವುದಕ್ಕೂ ದಾರಿಯಿದೆ:
ಮೊದಲು ಕೆರೆಯಬೇಕು. ಕೆರೆದಲ್ಲಿ ಕುಳಿ ಬೀಳುತ್ತದೆ.
ತಗಡು ಮಗುಚಿ, ಕೈವಾರದಿಂದ ಜಾಗ ಹಿಡಿದು,
ಹಿಂಬದಿಯಿಂದ ಬಡಿಯಬೇಕು ಪುಟ್ಟ ಸುತ್ತಿಗೆಯಲ್ಲಿ,
ಕುಸಿದ ನೆಲ ಮೇಲೇಳುವ ತನಕ.
ಆಮೇಲೆ ಉಜ್ಜು. ಆಮೇಲೆ ಹೊಸ ಹೆಸರು.
ಎರಡು ಡಾಲರ್ ಹೆಚ್ಚಿನ ಕೂಲಿ.
ತೆಗೆದುಕೊಂಡೆ. ಬೇಡವೆನ್ನಲು
ನಾನೇನು ಫಲಕದ ಮೇಲಿದ್ದೇನೆಯೆ?

ತಗಡು ಈಗ ಗೋಡೆಗೆ ಒರಗಿ ನಿಂತಿದೆ.
ಮುಂಬದಿಯಲ್ಲಿ ಆ ಹುಡುಗಿ ಲಕ್ಷಣವಾಗಿ ಹರಿಯುತ್ತಾಳೆ.
ಹಿಂದೆ ಬೆರಳಾಡಿಸಿದರೆ ಸಿಗುತ್ತವೆ
ಸುತ್ತಿಗೆಯ ಹದಿನಾಲ್ಕು ತಗ್ಗು,
ಎಡದಿಂದ ಬಲಕ್ಕೆ,
ಓದಬೇಕಾದ ಕ್ರಮದಲ್ಲೇ.

ನಿನ್ನೆ ಪೀಪಾಯಿಯವನ ಮಗ ಜೋಥಮ್ ಬಂದಿದ್ದ,
ಉಳಿಸಿದ್ದ ಕಾಸಿಗೆ ನಕಾಶೆ ಕೊಂಡಿದ್ದ.
ವಸಂತಕ್ಕೆ ಹೊರಡುತ್ತಾನಂತೆ.
ನನ್ನ ಮೇಜಿನ ಮೇಲೇ ಹಾಸಿ, ಅಂಗೈ ಚಾಚಿ ಅಳೆದ:
"ನೋಡಿ, ಎರಡೇ ಗೇಣು."
ಹೆಬ್ಬೆರಳು ಸರಿಯಾಗಿ ಆ ಮೊಣಕೈ ಮೇಲೆ ಬಿತ್ತು.
ಅವನಿಗೇನೂ ತಾಗಲಿಲ್ಲ.
ಕಾಗದ ನುಣ್ಣಗಿತ್ತು.